ಗಂಟು ಕರಗಿದ ಮಳೆಗಾಲ

ಮೊನ್ನೆ ಸೂಪರ್ ಮಾರ್ಕೆಟ್ಟಿನಲ್ಲಿ ಆಟೋ ಇಳಿದು ಬಟ್ಟೆ ಅಂಗಡಿಯ ಕಡೆ ತಿರುಗಿದ್ದೆ, ಅಷ್ಟರಲ್ಲಿ ಆ ವಾಸನೆ ಬಂತು. ಮಳೆ ಈಗಷ್ಟೇ ನಿಂತಿತ್ತು. ರಸ್ತೆಯೆಲ್ಲ ರಾಡಿ. ಡೀಸೆಲ್ ಹೊಗೆ, ಮಿರ್ಚಿ ಕರಿಯುವ ಎಣ್ಣೆ, ಒದ್ದೆ ಗೋಣಿಚೀಲ ಎಲ್ಲ ಕಲೆತ ಗಾಳಿಯಲ್ಲಿ ಅದೊಂದೇ ಬೇರೆಯಾಗಿ ಮೂಗಿಗೆ ಬಡಿಯಿತು. ಕಮಲಾಪುರದ ಕೆಂಪು ಬಾಳೆಹಣ್ಣು. ನಾನು ನಿಂತದ್ದು ನೋಡಿ ತಳ್ಳುಬಂಡಿಯವನು ಗಿರಾಕಿ ಸಿಕ್ಕಿತು ಎಂದುಕೊಂಡ. "ತಗೋರಿ ಮೇಡಮ್, ಅಸಲಿ ಕಮಲಾಪುರದ್ದು. ಸಣ್ಣ ಹುಡುಗರಿಗೂ ಕೊಡ್ರಿ, ಏನೂ ಹರಕತ್ ಇಲ್ಲ" ಎಂದ. "ಬ್ಯಾಡಪ್ಪಾ!" ಎಂದೆ. ಎಷ್ಟು ಬಿರುಸಾಗಿ ಎಂದೆನೋ ಏನೋ, ಪಕ್ಕದಲ್ಲಿ ಚೌಕಾಸಿ ಮಾಡುತ್ತಿದ್ದ ಹೆಂಗಸು ತಿರುಗಿ ನೋಡಿದಳು. ಪಾಪ, ಅವನದೇನು ತಪ್ಪು? ಹಣ್ಣು ಮಾರುವವನು ಹಣ್ಣಿನ ಮಾತಾಡಿದ. ಒಂದು ಮಳೆಗಾಲದಿಂದೀಚೆ ಆ ಹಣ್ಣು ನನ್ನ ಗಂಟಲಲ್ಲಿ ಇಳಿಯುವುದಿಲ್ಲ, ಅಷ್ಟೇ.

ಆ ವರ್ಷ ನಾನು ಇದೇ ಕಲಬುರಗಿಯ ಒಂದು ದೊಡ್ಡ ದವಾಖಾನೆಯ ಸ್ಕ್ಯಾನಿಂಗ್ ವಿಭಾಗದಲ್ಲಿ ಎಂ.ಡಿ. ಓದುತ್ತಿದ್ದೆ. ಒಂದು ವಿಷಯ ಹಿಡಿದು ಪ್ರಬಂಧ ಬರೆಯದೆ ಆ ಓದು ಮುಗಿಯುವುದಿಲ್ಲ. ಜೊತೆಯವರು ಲಿವರ್, ಕಿಡ್ನಿ, ಗರ್ಭಕೋಶ ಎಂದು ಒಳ್ಳೊಳ್ಳೆಯದನ್ನೆಲ್ಲ ಆರಿಸಿಕೊಂಡರು. ನನ್ನ ಪಾಲಿಗೆ ಬಂದದ್ದು ಥೈಮಸ್. ಎದೆಮೂಳೆಯ ಹಿಂದೆ, ಹೃದಯಕ್ಕೆ ತಲೆದಿಂಬು ಇಟ್ಟ ಹಾಗೆ ಕೂತಿರುವ ಒಂದು ಗ್ರಂಥಿ ಅದು. ರೋಗದ ಜೊತೆ ಹೋರಾಡುವ ರಕ್ತಕಣಗಳು ಅಲ್ಲಿ ತರಬೇತಿ ಪಡೆದು ಹೊರಗೆ ಬರುತ್ತವೆ. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸುಗಳಲ್ಲಿ ಅದು ಹೇಗೆ ಬೆಳೆಯುತ್ತದೆ ಎಂದು ವಾರವಾರ ಅಲ್ಟ್ರಾಸೌಂಡಿನಲ್ಲಿ ಅಳೆಯುವುದು ನನ್ನ ಕೆಲಸ. ಸೂಜಿ ಇಲ್ಲ, ಎಕ್ಸ್-ರೇ ಇಲ್ಲ, ಕೂಸಿಗೆ ನೋವಿಲ್ಲ. ಅಷ್ಟು ಎಳೆಯ ಕೂಸಿನ ಎದೆಮೂಳೆ ಇನ್ನೂ ಮೆತ್ತಗಿರುತ್ತದೆ. ಅದರ ಮೇಲೇ ಮಷಿನ್ನಿನ ಹಿಡಿಕೆ, ಅಂದರೆ ಪ್ರೋಬ್ ಇಟ್ಟರೆ ಒಳಗಿನದು ಕಾಣುತ್ತದೆ. ಕರಿ ಕಂಬಳಿಯ ಮೇಲೆ ರವೆ ಚೆಲ್ಲಿದಂತೆ ಚುಕ್ಕಿಚುಕ್ಕಿಯಾಗಿ ಕಾಣುತ್ತದೆ ಥೈಮಸ್. ಮೊದಲ ಸಲ ಕಂಡಾಗ ನನಗೆ ಖುಷಿಯಾಗಿತ್ತು. ಎಲ್ಲರೂ ಹೃದಯ ನೋಡುವ ಅವಸರದಲ್ಲಿ ಸರಿಸಿಬಿಡುವ ಜಾಗದಲ್ಲಿ ಒಂದು ಬದುಕೇ ಇದೆಯಲ್ಲ ಅನಿಸಿತ್ತು.

ತೊಂದರೆ ಶುರುವಾದದ್ದು ತಾಯಂದಿರಿಗೆ ಹೇಳುವಾಗ. ಅವರ ಒಪ್ಪಿಗೆಯಿಲ್ಲದೆ ಕೂಸು ಮುಟ್ಟುವಂತಿಲ್ಲ. ನಾನು ಚಂದಾಗಿ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ: "ಎದೆಯೊಳಗೆ ಥೈಮಸ್ ಎಂಬ ರೋಗನಿರೋಧಕ ಗ್ರಂಥಿ ಇರುತ್ತದೆ." ಕೂತಿದ್ದ ಬಾಣಂತಿಯರು ನನ್ನ ಮುಖ ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗ ಆ ವಾರ್ಡಿನ ಹಿರಿಯ ನರ್ಸು ಶೈಲಾ ಸಿಸ್ಟರ್ ಮುಂದೆ ಬಂದಳು. "ನಮ್ಮ ಮಂದಿಗೆ ಹಂಗಂದ್ರ ತಿಳಿತದೇನ್ರಿ ಮೇಡಮ್? ಬಿಡ್ರಿ, ನಾ ಹೇಳ್ತೀನಿ" ಎಂದು ಅವರ ಕಡೆ ತಿರುಗಿದಳು. "ನೋಡ್ರೆವ್ವಾ, ಕೂಸಿನ ಎದ್ಯಾಗ ಒಂದು ಗಂಟು ಇರ್ತದ. ಅದು ಎಷ್ಟದ ಅಂತ ಮೇಡಮ್ ಮಷಿನ್ ಹಚ್ಚಿ ನೋಡ್ತಾರ. ಕೂಸಿಗಿ ಏನೂ ಆಗಂಗಿಲ್ಲ." ಎಲ್ಲರ ತಲೆಯೂ ಅಲ್ಲಾಡಿತು. ಗ್ರಂಥಿ ಎಂದರೂ ಗಂಟು ಎಂದರೂ ಒಂದೇ ಅಲ್ಲವೇ, ಒಂದು ಸಂಸ್ಕೃತ, ಒಂದು ಕನ್ನಡ. ಶೈಲಾಳ ಮಾತಿನಲ್ಲಿ ಎಳ್ಳಷ್ಟೂ ಸುಳ್ಳಿರಲಿಲ್ಲ. ಅಂದಿನಿಂದ ಇಡೀ ವಾರ್ಡಿನಲ್ಲಿ ನಾನು 'ಗಂಟು ನೋಡೋ ಮೇಡಮ್' ಆದೆ.

ಸುಜಾತಾ ಬಂದದ್ದು ಜಡಿಮಳೆ ಹಿಡಿದ ಮೇಲೆ. ಕಮಲಾಪುರದಾಕೆ, ಚೊಚ್ಚಲ ಹೆರಿಗೆ. ತಿಂಗಳು ತುಂಬಲು ಇನ್ನೂ ಎಷ್ಟೋ ದಿನ ಇರುವಾಗಲೇ ನೀರು ಒಡೆದು, ಅಲ್ಲಿಯ ದವಾಖಾನೆಯಲ್ಲಿ ಹೆತ್ತು, ಕೂಸನ್ನು ಎದೆಗವಚಿಕೊಂಡು ಆಂಬುಲೆನ್ಸಿನಲ್ಲಿ ಹುಮನಾಬಾದ್ ರಸ್ತೆ ಹಿಡಿದು ಬಂದಿದ್ದಳು. ಜೊತೆಗೆ ಅತ್ತೆ ಭೀಮಬಾಯಿ. ಗಂಡ ಗೌತಮ ಇಲ್ಲೇ ಕಪನೂರದ ದಾಲ್ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಮೈಯೆಲ್ಲ ತೊಗರಿಯ ಧೂಳು ಮೆತ್ತಿಕೊಂಡೇ ಓಡಿಬಂದವನನ್ನು ಶೈಲಾ ಬಾಗಿಲಲ್ಲೇ ತಡೆದು, "ಮೊದಲ ಕೈಕಾಲು ಮಾರಿ ತೊಳ್ಕೊಂಡ ಬಾರಪ್ಪ, ಕೂಸು ಎಲ್ಲಿ ಹೋಗಂಗಿಲ್ಲ" ಎಂದು ಗದರಿದಳು. ಹೆಣ್ಣು ಕೂಸು. ನನ್ನ ಅಂಗೈ ಮೇಲೆ ಮಲಗಿಸಿದರೆ ಕಾಲು ಮಣಿಕಟ್ಟಿಗೆ ಬರುತ್ತಿತ್ತು. ಚರ್ಮದ ಕೆಳಗೆ ನರಗಳೆಲ್ಲ ಕಾಣುತ್ತಿದ್ದವು.

ಭೀಮಬಾಯಿ ಮಾತಿನ ಮಲ್ಲಿ. ಊರಿನ ಬುದ್ಧ ವಿಹಾರದಲ್ಲಿ ವರ್ಷಾವಾಸದ, ಅಂದರೆ ಮಳೆಗಾಲದುದ್ದಕ್ಕೂ ನಡೆಯುವ ಧಮ್ಮಗ್ರಂಥದ ಓದು ಶುರುವಾಗಿತ್ತಂತೆ. ತಾನು ತಪ್ಪಿಸಿಕೊಂಡದ್ದು ಇದೇ ಮೊದಲು ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಸುಜಾತಾ ಅದಕ್ಕೆ ತದ್ವಿರುದ್ಧ. ಕೇಳಿದ್ದಕ್ಕೆ ಹೂಂ, ಇಲ್ಲವೆಂದರೆ ಅದೂ ಇಲ್ಲ. ಶೈಲಾ ಗಂಟಿನ ಮಾತು ಹೇಳಿ ಒಪ್ಪಿಗೆ ಕೇಳಿದಾಗ ಅವಳ ಮುಖ ಬೆಳ್ಳಗಾದದ್ದನ್ನು ನೋಡಿದೆ. ಹಸಿ ಬಾಣಂತಿ, ಸೋತಿದ್ದಾಳೆ ಎಂದುಕೊಂಡೆ. "ನೋಡ್ರಿ" ಎಂದಷ್ಟೇ ಅಂದಳು.

ಮೊದಲ ಸ್ಕ್ಯಾನಿನಲ್ಲಿ ಥೈಮಸ್ ಸಣ್ಣದೇ ಇತ್ತು. ಆದರೆ ಆ ತೂಕದ ಕೂಸಿಗೆ ಅದು ಸಾಕು. ಆಮೇಲಿನ ಸ್ಕ್ಯಾನುಗಳಲ್ಲಿ ತುಸು ತುಸುವೇ ಬೆಳೆಯಿತು. ಹೊರಗೆ ಮಳೆ ಬಿಟ್ಟೂ ಬಿಡದೆ ಸುರಿಯುತ್ತಿತ್ತು, ಗೋಡೆಗಳು ಬೆವರುತ್ತಿದ್ದವು, ನಮ್ಮ ಓಣಿಯಲ್ಲಿ ಯಾರ ಬಟ್ಟೆಯೂ ಒಣಗುತ್ತಿರಲಿಲ್ಲ. ನನಗೆ ಅದ್ಯಾವುದರ ಪರಿವೆಯೂ ಇರಲಿಲ್ಲ. ಬೆಳಿಗ್ಗೆ ಗಾಲಿ ಮಷಿನ್ನು ತಳ್ಳಿಕೊಂಡು ಹೋಗುವುದು, ಮೊಳಕೈವರೆಗೆ ಕೈ ತೊಳೆಯುವುದು, ಜೆಲ್ಲಿನ ಬಾಟಲಿಯನ್ನು ಬೆಚ್ಚಗೆ ಮಾಡಿಕೊಳ್ಳುವುದು. ತಣ್ಣನೆಯ ಜೆಲ್ಲು ತಾಗಿದರೆ ಆ ಜೀವ ಅಷ್ಟಕ್ಕೇ ಬೆಚ್ಚಿಬೀಳುತ್ತಿತ್ತು. ಕೂಸು ಆಕ್ಸಿಜನ್ ಬಿಟ್ಟಿತು. ಒಳಲೆಯ ಪುಟ್ಟ ಮೂತಿಯಿಂದ ಹಾಲು ಕುಡಿಯತೊಡಗಿತು. ಬರಬರುತ್ತ ತಾಯಿಯ ಎದೆಯ ಮೇಲೆ, ಚರ್ಮಕ್ಕೆ ಚರ್ಮ ತಾಗಿಸಿ ಕಟ್ಟಿಕೊಳ್ಳುವ ಕೋಣೆಗೆ ಬಂತು. ಸುಜಾತಾ ಗಂಟೆಗಟ್ಟಲೆ ಹಾಗೇ ಒರಗಿ ಕೂತು, ಬಗ್ಗಿ, ಕೂಸಿನ ನೆತ್ತಿಗೆ ಬಾಯಿ ಇಟ್ಟು ಏನೋ ಗುನುಗುತ್ತಿದ್ದಳು. "ನೋಡ್ರಿ, ಮೂಕಿ ಅಂದ್ಕೊಂಡಿದ್ದೆ, ಕೂಸಿನ ಮುಂದ ಎಷ್ಟ ಮಾತು!" ಎಂದು ಶೈಲಾ ನಗೆಯಾಡಿದಳು. ನಾವು ಜೋಗುಳ ಎಂದುಕೊಂಡಿದ್ದೆವು.

ಆಮೇಲೊಂದು ಬೆಳಿಗ್ಗೆ ಪ್ರೋಬ್ ಇಟ್ಟೆ, ಥೈಮಸ್ ಕಾಣಲಿಲ್ಲ. ಸರಿಸಿ ನೋಡಿದೆ. ಇತ್ತು, ಆದರೆ ಹಿಂದಿನ ವಾರದ ಅರ್ಧವೂ ಇರಲಿಲ್ಲ. ನನ್ನ ಕೈಯೇ ತಪ್ಪಿರಬೇಕು ಎಂದು ಮತ್ತೆ ಅಳೆದೆ. ಮತ್ತೆ ಅಷ್ಟೇ. ಕೂಸು ನೋಡಿದರೆ ಬಣ್ಣ ಚೆನ್ನಾಗಿದೆ, ಉಸಿರು ಸರಿಯಾಗಿದೆ, ಮುಷ್ಟಿ ಬಿಗಿದು ಮಲಗಿದೆ. ಒಳಗೆ ಎಲ್ಲೋ ನಂಜು ಶುರುವಾದರೆ ಮೈ ತೋರಿಸುವ ಮೊದಲೇ ಈ ಗ್ರಂಥಿ ಕುಗ್ಗಬಹುದು ಎಂದು ಓದಿದ್ದೆ. "ಶೈಲಾ, ಭಾಳ ಸಣ್ಣದಾಗ್ಯದ ನೋಡು" ಎಂದೆ. "ಹೌದ್ರಿ, ಸಣ್ಣ ಆಗ್ಯದ" ಎಂದಳು ಅವಳು, ಪರದೆ ನೋಡುತ್ತ. ಮಷಿನ್ನನ್ನು ಅಲ್ಲೇ ಬಿಟ್ಟು ಮಕ್ಕಳ ವಿಭಾಗದ ದೊಡ್ಡ ಸರ್ ಹತ್ತಿರ ಓಡಿದೆ.

ಸರ್ ನಿಧಾನದ ಮನುಷ್ಯ. ಬಂದು ಕೂಸನ್ನು ಮುಟ್ಟಿ, ಹೊಟ್ಟೆ ಒತ್ತಿ, ಎದೆಬಡಿತ ಕೇಳಿದರು. "ಬರೇ ಸೈಜು ನೋಡಿ ಏನೂ ಹೇಳಾಕ ಬರಂಗಿಲ್ಲವ್ವಾ. ಆದ್ರ ನೀ ನೋಡಿದ್ದನ್ನ ನಾ ತಳ್ಳಿಹಾಕಂಗಿಲ್ಲ. ರಕ್ತ ಕಳಸೋಣು, ಇಂಜೆಕ್ಷನ್ ಇವತ್ತೇ ಶುರು ಮಾಡೋಣು" ಎಂದರು. ತಡಮಾಡಲಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಆ ಕೂಸಿಗೆ ಮಾಡಬೇಕಾದ್ದನ್ನು ಎಲ್ಲರೂ ಮಾಡಿದರು. ಯಾರನ್ನಾದರೂ ಬೈದು ಹಗುರಾಗೋಣ ಎಂದರೆ ಬೈಯಲು ಯಾರೂ ಇಲ್ಲ.

ಮಧ್ಯಾಹ್ನ ವಾರ್ಡಿಗೆ ಬಂದೆ. ಮೊಗಸಾಲೆಯಲ್ಲಿ ಜಾತ್ರೆ! ಗೌತಮ ಮಿಲ್ಲಿನಿಂದ ರಜೆ ಹಾಕಿ, ಊರಿಗೆ ಹೋಗಿ, ಕೆಂಪು ಬಾಳೆಯ ಗೊನೆಯನ್ನೇ ಹೊತ್ತು ತಂದಿದ್ದ. ಭೀಮಬಾಯಿ ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಂಡಕಂಡವರ ಕೈಗೆ ಹಣ್ಣು ತುರುಕುತ್ತಿದ್ದರು. ಸುಜಾತಾ ಗೋಡೆಗೊರಗಿ ನಿಂತು ನಗುತ್ತಿದ್ದಳು. ಅವಳ ಹಲ್ಲು ನಾನು ನೋಡಿದ್ದು ಅವತ್ತೇ ಮೊದಲು. ನನ್ನನ್ನು ಕಂಡವಳೇ ಬಂದು ಎರಡೂ ಕೈ ಹಿಡಿದುಕೊಂಡಳು.

"ನಿಮ್ಮ ಕೈಗುಣ ಛಲೋ ಅದ ರೀ ಮೇಡಮ್. ಗಂಟು ಸಣ್ಣ ಆತಂತಲ್ಲ! ನೀವು ಸಿಸ್ಟರಿಗೆ ಹೇಳಿದ್ದು ನಾ ಕೇಳಿದೆ."

ನನಗೆ ಮೊದಲು ಅರ್ಥವೇ ಆಗಲಿಲ್ಲ. "ಯಾವ ಗಂಟು?" ಎಂದೆ.

"ಎದ್ಯಾಗಿಂದು ರೀ. ನಮ್ಮವ್ವಗೂ ಎದ್ಯಾಗ ಗಂಟ ಆಗಿತ್ತು. ಸೋಲಾಪುರಕ್ಕ ಒಯ್ದ್ವಿ, ಹೈದರಾಬಾದಿಗೆ ಒಯ್ದ್ವಿ. ಅದು ದೊಡ್ದಾಗಿ ದೊಡ್ದಾಗಿ ಆಕೀನ್ನ ತಿಂತು. ನನ್ನ ಕೂಸಿಗೂ ಅದೇ ಬಂದದ ಅಂತ ಸಿಸ್ಟರ್ ಅಂದ ದಿನಾನ ನನ್ನ ಜೀವ ಹೋಗಿತ್ತು."

"ಒಂದ್ ಮಾತು ಕೇಳಬಾರದೇನ?" ನನ್ನ ದನಿ ಏರಿತ್ತು. ಸಿಟ್ಟು ಅವಳ ಮೇಲಲ್ಲ, ಆದರೆ ಸಿಟ್ಟು ಬಂದಿತ್ತು.

ಭೀಮಬಾಯಿ ನಡುವೆ ಬಂದರು. "ಹ್ಯಾಂಗ ಕೇಳ್ಬೇಕ್ರಿ ಡಾಕ್ಟರ್ ಬಾಯಾರ? ಅಂಥಾದರ ಹೆಸರು ಬಾಯಿಲೆ ಎತ್ತಬಾರದು. ಎತ್ತಿದ್ರ ಬೆಳಿತದ. ನಾನ ಹೇಳೀನಿ ಆಕಿಗಿ, ಸುಮ್ಮ ಇರು ಅಂತ."

ಕತ್ತಲಾದ ಮೇಲೆ ಹಾವಿಗೆ ಹುಳ ಎನ್ನುವ ಊರು ನಮ್ಮದು. ಇದು ನನಗೆ ಗೊತ್ತಿಲ್ಲದ್ದೇನಲ್ಲ. ನಮ್ಮ ಅಜ್ಜಿಯೂ ಕ್ಯಾನ್ಸರ್ ಎಂದು ಯಾವತ್ತೂ ಬಾಯಿಬಿಟ್ಟು ಅನ್ನಲಿಲ್ಲ, 'ಆ ಬ್ಯಾನಿ' ಎನ್ನುತ್ತಿದ್ದಳು. ನನ್ನ ಕೈಯಲ್ಲೂ ಒಂದು ಹಣ್ಣು ಬಂದಿತ್ತು. ಸಿಪ್ಪೆ ಸುಲಿದೇ ಕೊಟ್ಟಿದ್ದರು. ಎಲ್ಲರೂ ನಾನು ತಿನ್ನಲಿ ಎಂದು ನೋಡುತ್ತಿದ್ದರು. ಒಂದು ತುತ್ತು ಬಾಯಿಗಿಟ್ಟೆ, ನುಂಗಲಾಗಲಿಲ್ಲ. ಹೇಳದೆ ಬೇರೆ ದಾರಿಯಿರಲಿಲ್ಲ. ರಕ್ತದ ರಿಪೋರ್ಟು ಬರುವುದಿತ್ತು, ಕೂಸನ್ನು ಮತ್ತೆ ಒಳಗಿನ ಕೋಣೆಗೆ ಒಯ್ಯುವುದಿತ್ತು. ಸುಜಾತಾಳನ್ನು ಪಕ್ಕಕ್ಕೆ ಕರೆದೆ. ಇದು ನಿಮ್ಮವ್ವನ ಗಂಟಿನಂಥದ್ದಲ್ಲ, ಇದು ಇರಬೇಕಾದದ್ದು, ಕೂಸಿಗೆ ಕಾವಲಿದ್ದ ಹಾಗೆ, ಇದು ಬೆಳೆದರೇ ಒಳ್ಳೆಯದು ಎಂದು ಹೇಳಿದೆ. ಸಣ್ಣದಾಗಿರುವುದು ನಮಗೆ ಬೇಕಾದದ್ದಲ್ಲ ಎಂದೂ ಹೇಳಿದೆ.

ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು. ನಗು ಇನ್ನೂ ಪೂರ್ತಿ ಹೋಗಿರಲಿಲ್ಲ, ತುಟಿಯ ಮೇಲೆ ಉಳಿದೇ ಇತ್ತು. ಅದನ್ನು ನೋಡಲು ನನ್ನಿಂದ ಆಗಲಿಲ್ಲ.

"ಅದು ದೊಡ್ಡದು ಇರಬೇಕೇನ್ರಿ?"

"ಹೂಂ."

"ನಾ ದಿನಾ ಅದಕ್ಕ ಕರಗು ಅಂತ ಹೇಳೀನಲ್ರಿ. ಎದಿಗಿ ಕಟ್ಕೊಂಡು, ಕಿವ್ಯಾಗ ಹೇಳೀನಿ. ಕರಗವ್ವಾ ಕರಗು, ನನ್ನ ಕೂಸಿನ್ನ ಬಿಟ್ಟು ಹೋಗು ಅಂತ."

ನಾನು ಏನೋ ಹೇಳಿದೆ. ಹೇಳಿದ್ದರಿಂದ ಏನೂ ಉಪಯೋಗವಾಗಲಿಲ್ಲ. ಮೊಗಸಾಲೆಯಲ್ಲಿ ಭೀಮಬಾಯಿ ಇನ್ನೂ ಹಣ್ಣು ಹಂಚುತ್ತಲೇ ಇದ್ದರು, ಅವರಿಗೆ ಯಾರೂ ಹೇಳಿರಲಿಲ್ಲ.

ಮಾರನೆಯ ದಿನ ಕೂಸು ಹಾಲು ಬಿಟ್ಟಿತು. ಹೊಟ್ಟೆ ಉಬ್ಬಿತು, ಮೈ ಬೂದಿ ಬಣ್ಣಕ್ಕೆ ತಿರುಗಿತು, ಉಸಿರು ನಿಂತು ನಿಂತು ಬರತೊಡಗಿತು. ಮತ್ತೆ ಉಸಿರಾಟದ ಮಷಿನ್ನು, ಮತ್ತೆ ನಳಿಕೆ. ರಕ್ತದಲ್ಲಿ ನಂಜು ಬೆಳೆದದ್ದು ಖಾತ್ರಿಯಾಯಿತು. ಸರ್ ಔಷಧಿ ಬದಲಿಸಿದರು, ಮತ್ತೆ ಬದಲಿಸಿದರು. ನಾನು ವಾರಕ್ಕೊಮ್ಮೆ ಹೋಗಬೇಕಾದವಳು ದಿನವೂ ಹೋದೆ. ಪ್ರಬಂಧಕ್ಕೆ ಅದರ ಅಗತ್ಯವಿರಲಿಲ್ಲ. ಗಾಜಿನ ಆಚೆ ಸುಜಾತಾ ನಿಂತಿರುತ್ತಿದ್ದಳು. ನಾನು ಪ್ರೋಬ್ ಎತ್ತಿಕೊಂಡರೆ ಸಾಕು, ಗಾಜಿಗೆ ಹಣೆ ಹಚ್ಚುತ್ತಿದ್ದಳು. ಅವಳ ತುಟಿ ಅಲ್ಲಾಡುವುದು ಕಾಣುತ್ತಿತ್ತು. ಈಗ ಬೆಳಿ, ಬೆಳಿ ಎನ್ನುತ್ತಿದ್ದಾಳೆ ಎಂದು ಶೈಲಾ ಹೇಳಿದಳು. ಹೇಳುವಾಗ ಅವಳ ದನಿ ಒಡೆದಿತ್ತು. ಹೇಳಿ, ಔಷಧಿ ತರುವ ನೆವದಲ್ಲಿ ಹೊರಗೆ ಹೋದಳು. ನಾನು ಹೊರಗೆ ಬಂದಾಗ ಸುಜಾತಾ ಬೆರಳು ತೋರಿಸಿ ಎಷ್ಟು ಎಂದು ಕೇಳುತ್ತಿದ್ದಳು, ಬಾಯಿಬಿಟ್ಟು ಕೇಳುತ್ತಿರಲಿಲ್ಲ. ನಾನು "ಅಷ್ಟೇ ಅದ" ಎನ್ನುತ್ತಿದ್ದೆ. ಅಷ್ಟೇ ಇರಲಿಲ್ಲ. ಕಡೆಕಡೆಗೆ ಹೃದಯದ ಮೇಲೆ ಒಂದು ಗೆರೆ ಉಳಿದಿತ್ತು, ಅಷ್ಟೇ.

ಒಂದು ಬೆಳಿಗ್ಗೆ ಹೋದಾಗ ಆ ಕೂಸಿನ ಜಾಗದಲ್ಲಿ ಬೇರೆ ಕೂಸು ಮಲಗಿತ್ತು. ಮಳೆ ಧೋ ಎಂದು ಸುರಿಯುತ್ತಿತ್ತು. ಗೌತಮ ಮೆಟ್ಟಿಲ ಮೇಲೆ ಬಿಳಿ ಬಟ್ಟೆ ಸುತ್ತಿದ ಕೂಸನ್ನು ತೊಡೆಯ ಮೇಲೆ ಇಟ್ಟುಕೊಂಡು ಗಾಡಿಗೆ ಕಾಯುತ್ತಿದ್ದ. ಅದಕ್ಕೆ ಇನ್ನೂ ಹೆಸರಿಟ್ಟಿರಲಿಲ್ಲ. ಭೀಮಬಾಯಿ ನನ್ನನ್ನು ನೋಡಿ, "ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ರಿ ಬಾಯಾರ" ಎಂದರು. ಸುಜಾತಾ ನನ್ನ ಕಡೆ ನೋಡಲೇ ಇಲ್ಲ.

ಮಳೆಗಾಲ ಮುಗಿಯುತ್ತ ಬಂದಾಗ ಗೌತಮ ವಾರ್ಡಿಗೆ ಬಂದಿದ್ದನಂತೆ. ನನ್ನನ್ನು ಕೇಳಿಕೊಂಡು ಸ್ಕ್ಯಾನಿಂಗ್ ಕೋಣೆಗೆ ಬಂದು ಬಾಗಿಲಲ್ಲಿ ನಿಂತ. "ಆಕಿ ಉಣ್ಣವಲ್ಲಳು, ಮಾತಾಡವಲ್ಲಳು ರೀ. ನನ್ನ ಮಾತ ಕೂಸಿಗೆ ತಟ್ಟಿತು, ನಾನ ಕೊಂದೆ ಅಂತಾಳ. ನಮ್ಮವ್ವ ಹೇಳಿದ್ಲು, ವಿಹಾರದಾಗ ಹಿರ್ಯಾರು ಹೇಳಿದ್ರು. ಯಾರದೂ ಕೇಳವಲ್ಲಳು. ನೀವೊಮ್ಮಿ ಬಂದು ಹೇಳಿದ್ರ ಕೇಳ್ಯಾಳೇನೋ, ಗಂಟು ನೋಡಿದವ್ರು ನೀವ." ನಾನು ಎಲ್ಲರ ಮನೆಗೆ ಹೋಗುವವಳಲ್ಲ. ಹೋಗತೊಡಗಿದರೆ ಈ ಕೆಲಸ ಮಾಡಲಾಗುವುದಿಲ್ಲ. ಆದರೂ ಆ ಭಾನುವಾರ ಕಮಲಾಪುರದ ಬಸ್ಸು ಹತ್ತಿದೆ.

ಕಪನೂರದ ಮಿಲ್ಲುಗಳು ದಾಟಿದ ಮೇಲೆ ರಸ್ತೆಯ ಎರಡೂ ಕಡೆ ತೊಗರಿ ಹಸಿರಾಗಿ ನಿಂತಿತ್ತು. ಕರಿ ಮಣ್ಣಿನಲ್ಲಿ ಅಲ್ಲಲ್ಲಿ ನೀರು. ನೋಡುವವರಿಗೆ ಚಂದವೇ. ನನ್ನ ಕಣ್ಣು ಅದರ ಮೇಲೆ ನಿಲ್ಲಲಿಲ್ಲ. ಏನು ಹೇಳಬೇಕೆಂದು ನಾಲ್ಕೈದು ಥರ ಜೋಡಿಸಿಕೊಂಡೆ, ಯಾವುದೂ ಸರಿಬರಲಿಲ್ಲ.

ಮನೆಯಲ್ಲಿ ಸುಜಾತಾ ಒಳಗಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದಳು. ಹಾಲು ಇಂಗಲೆಂದು ಎದೆಗೆ ಬಿಗಿದು ಕಟ್ಟಿದ್ದ ಬಟ್ಟೆಯನ್ನು ಇನ್ನೂ ಬಿಚ್ಚಿರಲಿಲ್ಲ. ನಾನು ಅವಳ ಪಕ್ಕ ನೆಲದ ಮೇಲೆ ಕೂತೆ. ಹೇಳಬೇಕಾದ್ದನ್ನೆಲ್ಲ ಹೇಳಿದೆ. ನಂಜು ರಕ್ತಕ್ಕೆ ಇಳಿದಿತ್ತು. ಅದಕ್ಕೇ ಗಂಟು ಕುಗ್ಗಿತು. ಮಾತಿಗೆ ಅಷ್ಟು ಬಲ ಇದ್ದಿದ್ದರೆ, ಆಮೇಲೆ ನೀನು ಬೆಳಿ ಬೆಳಿ ಎಂದೆಯಲ್ಲ, ಆಗ ಯಾಕೆ ಬೆಳೆಯಲಿಲ್ಲ? ಇದು ನನ್ನ ದೊಡ್ಡ ವಾದವಾಗಿತ್ತು. ಹೇಳಿದ ಮೇಲೆ ಎಷ್ಟು ಕ್ರೂರವಾಗಿ ಕೇಳಿಸಿತೆಂದರೆ ನಾಲಿಗೆ ಕಚ್ಚಿಕೊಂಡೆ. ಭೀಮಬಾಯಿ ಚಹಾ ತಂದಿಟ್ಟು, ಬಾಗಿಲ ಹತ್ತಿರ ಮೊಣಕಾಲಿಗೆ ಗಲ್ಲ ಊರಿ ಕೂತರು.

ಸುಜಾತಾ ಗೋಡೆಯನ್ನೇ ನೋಡುತ್ತ ಕೇಳಿದಳು. "ಅದು ಎಲ್ಲಾರಿಗೂ ಇರ್ತದೇನ್ರಿ? ನನಗೂ ಅದ ಏನು?"

"ಸಣ್ಣಾಕಿ ಇದ್ದಾಗ ಇತ್ತು" ಎಂದೆ. "ಈಗ ಇದ್ದರ ಎಲ್ಲೋ ಚೂರು. ಮನಷ್ಯಾ ದೊಡ್ಡಾವ ಆದಂಗ ಅದರ ಕೆಲಸ ಮುಗಿತದ, ತಾನ ಕರಗಿ ಹೋಗ್ತದ. ನಿಂದೂ ಕರಗ್ಯದ, ನಂದೂ ಕರಗ್ಯದ. ನಿಮ್ಮತ್ತೀದಂತೂ ಯಾವಾಗೋ ಹೋಗ್ಯದ."

ಅವಳು ತಿರುಗಿದಳು. ಆವತ್ತು ಮೊದಲ ಸಲ ನನ್ನ ಮುಖ ನೋಡಿದಳು. "ಎಲ್ಲಾರದೂ ಕರಗ್ತದಾ?"

"ಎಲ್ಲಾರದೂ."

"ಬದುಕಿದವ್ರದು ಕರಗ್ತದ."

"ಹೂಂ."

ಅವಳು ಎದೆಗೆ ಕಟ್ಟಿದ್ದ ಬಟ್ಟೆಯ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಳು. ಸುತ್ತಿದಳು, ಬಿಚ್ಚಿದಳು. ಆಮೇಲೆ ತನಗೇ ಹೇಳಿಕೊಳ್ಳುವ ಹಾಗೆ ಮೆಲ್ಲಗೆ ಹೇಳಿದಳು.

"ಹಂಗಾದ್ರ ನಾ ಕೆಟ್ಟದ್ದೇನು ಬೇಡಿಲ್ಲ. ದೊಡ್ಡಾಕಿ ಆಗು ಅಂದಂಗೇ ಆತು. ಜರಾ ಜಲ್ದಿ ಬೇಡಿದೆ, ಅಷ್ಟ."

ಬಾಗಿಲ ಹತ್ತಿರ ಭೀಮಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಸುಜಾತಾ ನನ್ನ ಭುಜಕ್ಕೆ ತಲೆಯಿಟ್ಟು ಅಳತೊಡಗಿದಳು.